ಕಳೆದ ವರ್ಷದ್ದೇ ಇರಲಿ ಅಂತ ಒತ್ತುವ ಮುಂಚೆ

ನಾನು ಮಾತಾಡ್ತಾ ಇರೋದು ದೆಹಲಿಯ ಪೀತಮ್‌ಪುರದಿಂದ. ವಿಡಿಯೋ ನೋಡ್ತಿರೋರಿಗೆ ಹಿಂದಿನ ಕಿಟಕಿಯಲ್ಲಿ ಇಲ್ಲಿನ ಟಿವಿ ಟವರ್ ಕಾಣ್ತಿರಬಹುದು. ಊರು ತಿಪಟೂರು, ಎಂಟೆಕ್ ಸುರತ್ಕಲ್‌ನಲ್ಲಿ, ಮೊದಲ ಕೆಲಸ ಬೆಂಗಳೂರಲ್ಲಿ, ಈಗಿನ ಆಫೀಸು ಗುರುಗ್ರಾಮದಲ್ಲಿ. ಗುರುಗ್ರಾಮದಲ್ಲಿ ಕೆಲಸ ಇಟ್ಟುಕೊಂಡು ಪೀತಮ್‌ಪುರದಲ್ಲಿ ಯಾಕೆ ಮನೆ ಅಂತ ಎಲ್ಲರೂ ಕೇಳ್ತಾರೆ. ನನ್ನ ಹೆಂಡತಿ ಪಾಠ ಮಾಡುವ ಶಾಲೆ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಹಾಗಾಗಿ ತಿರುಗಾಟ ನನ್ನ ಪಾಲಿಗೆ. ರೆಡ್ ಲೈನ್‌ನಲ್ಲಿ ಕಾಶ್ಮೀರಿ ಗೇಟ್, ಅಲ್ಲಿಂದ ಯೆಲ್ಲೋ ಲೈನ್.

ಇವತ್ತಿನ ವಿಷಯ ಆ ಯೆಲ್ಲೋ ಲೈನಲ್ಲೇ ಶುರುವಾಯಿತು. 2022ರ ಮಾರ್ಚ್. ಎಚ್‌ಆರ್‌ನಿಂದ ಮೇಲ್ ಬಂತು: ಎನ್‌ರೋಲ್‌ಮೆಂಟ್ ವಿಂಡೋ ತೆರೆದಿದೆ, ಎರಡು ವಾರ ಸಮಯವಿದೆ, ನಿಮ್ಮ ಸವಲತ್ತುಗಳನ್ನು ಪರಿಶೀಲಿಸಿ. ನಮ್ಮ ಪಾಲಿಸಿ ಏಪ್ರಿಲ್ 1ಕ್ಕೆ ನವೀಕರಣವಾಗುತ್ತದೆ, ಅದಕ್ಕೆ ಮಾರ್ಚ್. ಅಮೆರಿಕದಲ್ಲಿರೋ ಗೆಳೆಯರಿಗೆ ಈ ಗದ್ದಲ ಹೆಚ್ಚಾಗಿ ಅಕ್ಟೋಬರ್–ನವೆಂಬರ್‌ನಲ್ಲಿ. ನಾನು ಮೆಟ್ರೋದಲ್ಲಿ ಒಂದು ಕೈಲಿ ಹಿಡಿ ಹಿಡಿದುಕೊಂಡು, ಇನ್ನೊಂದು ಕೈಲಿ ಫೋನ್ ತೆರೆದೆ. ಮೊದಲ ಪುಟದಲ್ಲೇ ಹಸಿರು ಬಟನ್. ‘ಕಳೆದ ವರ್ಷದ ಆಯ್ಕೆಗಳನ್ನೇ ಮುಂದುವರಿಸಿ’. ಒತ್ತಿದೆ. ಹತ್ತು ಸೆಕೆಂಡ್ ಕೂಡ ಆಗಿರಲಿಲ್ಲ. ಕೆಲಸ ಮುಗೀತು ಅಂತ ಖುಷಿಯಾಯಿತು.

ಆ ವರ್ಷ ಅಕ್ಟೋಬರ್‌ನಲ್ಲಿ ಅಪ್ಪನಿಗೆ ಎದೆನೋವು ಬಂತು. ಆಗ ಅವರಿಗೆ 66. ಬೆಳಿಗ್ಗೆ ತೋಟಕ್ಕೆ ಹೋದವರು ವಾಪಸ್ ಬಂದು ಜಗಲಿ ಮೇಲೆ ಕೂತುಬಿಟ್ಟರಂತೆ. ಪಕ್ಕದ ಮನೆ ಹುಡುಗ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ನೋಡಿ, ಮುಂದಕ್ಕೆ ಹೋಗಿ ಅಂದರು. ಕೊನೆಗೆ ಬೆಂಗಳೂರು. ಅಮ್ಮ ನನಗೆ ಫೋನ್ ಮಾಡಿದಾಗ ಅವರು ಆಗಲೇ ನೆಲಮಂಗಲ ದಾಟಿದ್ದರು. ನಾನು ವಿಮಾನ ಹತ್ತಿ ಇಳಿಯುವ ಹೊತ್ತಿಗೆ ಎರಡು ಸ್ಟೆಂಟ್ ಹಾಕಿ ಆಗಿತ್ತು. ಅಪ್ಪ ಚೆನ್ನಾಗಿದ್ದಾರೆ, ಈಗಲೂ ಚೆನ್ನಾಗಿದ್ದಾರೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಇವತ್ತಿನ ಮಾತು ಆಸ್ಪತ್ರೆಯ ಕೌಂಟರ್ ಬಗ್ಗೆ.

ಕೌಂಟರ್‌ನಲ್ಲಿ ಮೊದಲ ತಕರಾರು ಹೆಸರಿನದ್ದು. ನಮ್ಮ ಕಡೆ ಹೆಸರಿಗೆ ಇನಿಷಿಯಲ್ ಇರುತ್ತೆ, ಸರ್‌ನೇಮ್ ಇರಲ್ಲ. ಅಪ್ಪನ ಇನಿಷಿಯಲ್ ‘ಟಿ’, ಅಂದ್ರೆ ತಿಪಟೂರು. ಕಂಪನಿ ಪೋರ್ಟಲ್ ‘ಲಾಸ್ಟ್ ನೇಮ್’ ತುಂಬದೆ ಮುಂದಕ್ಕೆ ಬಿಡಲ್ಲ. ಕೆಲಸಕ್ಕೆ ಸೇರಿದ ವಾರ ಆತುರದಲ್ಲಿ ‘ತಿಪಟೂರು’ ಅಂತಲೇ ತುಂಬಿದ್ದೆ. ಹಾಗಾಗಿ ವಿಮೆಯ ದಾಖಲೆ ಪ್ರಕಾರ ನಮ್ಮಪ್ಪ ಮಿಸ್ಟರ್ ತಿಪಟೂರು. ಆಧಾರ್‌ನಲ್ಲಿ ಬರೀ ‘ಟಿ’. ಇಬ್ಬರೂ ಒಬ್ಬರೇ ಅಂತ ಸಾಬೀತು ಮಾಡೋಕೆ ಎಚ್‌ಆರ್‌ನಿಂದ ಪತ್ರ ತರಿಸಬೇಕಾಯಿತು. ಆವತ್ತು ಶನಿವಾರ! ಪತ್ರ ಬಂದದ್ದು ಸೋಮವಾರ ಮಧ್ಯಾಹ್ನ. ಅಲ್ಲಿವರೆಗೆ ಡೆಪಾಸಿಟ್ ಕಟ್ಟಿದ್ದು ನನ್ನ ಕಾರ್ಡಿನಿಂದ.

ಎರಡನೆಯದು ರೂಮಿನದ್ದು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಾನೂ ಸೇರಿ ಬಹಳ ಜನ ಇಲ್ಲಿ ಎಡವುತ್ತಾರೆ. ಅಪ್ಪ ಅಮ್ಮನಿಗೆ ಇದ್ದ ವಿಮೆ 3 ಲಕ್ಷ. ರೂಮ್ ಬಾಡಿಗೆಗೆ ಮಿತಿ ಅದರ ಶೇ. 1, ಅಂದರೆ ದಿನಕ್ಕೆ 3,000 ರೂಪಾಯಿ. ಅಮ್ಮ ರಾತ್ರಿ ಜೊತೆಗಿರಬೇಕಲ್ಲ ಅಂತ ನಾನು ದಿನಕ್ಕೆ 6,000ದ ಸಿಂಗಲ್ ರೂಮ್ ತೆಗೆದುಕೊಂಡೆ. ನಾಲ್ಕು ದಿನ. ಹೆಚ್ಚೆಂದರೆ ಏನಾಗುತ್ತೆ, ಮೇಲಿನ 12,000 ಕೈಯಿಂದ ಹೋಗುತ್ತೆ ಅಂದುಕೊಂಡೆ.

ಹಾಗಲ್ಲ. ಮಿತಿಯ ಎರಡರಷ್ಟು ಬಾಡಿಗೆಯ ರೂಮ್ ತೆಗೆದುಕೊಂಡರೆ ವಿಮೆ ಕಂಪನಿ ರೂಮ್ ಬಾಡಿಗೆಯನ್ನಷ್ಟೇ ಅಲ್ಲ, ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಅದೇ ಅನುಪಾತದಲ್ಲಿ ಅರ್ಧಕ್ಕೆ ಇಳಿಸುತ್ತದೆ. ಔಷಧಿ, ಸ್ಟೆಂಟ್, ಪರೀಕ್ಷೆಗಳಿಗೆ ಮಾತ್ರ ಈ ಕಡಿತ ತಾಗಲ್ಲ. ನಮ್ಮ ಬಿಲ್ 3,10,000. ಅದರಲ್ಲಿ ರೂಮ್ 24,000, ಅರ್ಧ ಆಗಿ 12,000. ಡಾಕ್ಟರ್, ಥಿಯೇಟರ್, ನರ್ಸಿಂಗ್ 1,56,000, ಅರ್ಧ ಆಗಿ 78,000. ಸ್ಟೆಂಟ್, ಔಷಧಿ, ಪರೀಕ್ಷೆ 1,30,000, ಅದರಲ್ಲಿ ಗ್ಲೌಸು, ಮಾಸ್ಕು, ಅದೂ ಇದೂ ಅಂತ 10,000 ತೆಗೆದು 1,20,000. ಒಟ್ಟು 2,10,000 ಮಂಜೂರು. ಇನ್ನೂ ಮುಗಿದಿಲ್ಲ, ತಂದೆ-ತಾಯಿ ವಿಮೆಗೆ ಶೇ. 20 ಕೋ-ಪೇ ಇತ್ತು. 42,000 ಅಲ್ಲಿ ಹೋಯಿತು. ಕೊನೆಗೆ ವಿಮೆಯವರು ಕೊಟ್ಟದ್ದು 1,68,000, ನಾವು ಕಟ್ಟಿದ್ದು 1,42,000.

ಅಪ್ಪ ಹಾಸಿಗೆ ಮೇಲೆ ಕೂತು ‘ಏನಪ್ಪಾ, ಇನ್ಶೂರೆನ್ಸ್ ಇದೆ ಅಂದಿದ್ದೆ’ ಅಂದರು. ಬೈದಿದ್ದಲ್ಲ, ಸುಮ್ಮನೆ ಕೇಳಿದ್ದು. ಎರಡು ಬಸ್ಸು ಕೊಬ್ಬರಿ ಮಂಡಿಗೆ ಹೋದ ಲೆಕ್ಕವನ್ನೂ ಚೀಟಿಯಲ್ಲಿ ಬರೆದಿಡುವ ಮನುಷ್ಯ ಅವರು. ನನಗೆ ಉತ್ತರ ಹೊಳೆಯಲಿಲ್ಲ.

ವಾಪಸ್ ದೆಹಲಿಗೆ ಬಂದಮೇಲೆ ಪಾಲಿಸಿಯ ಪಿಡಿಎಫ್ ಕೂತು ಓದಿದೆ. ಅವತ್ತು ಗೊತ್ತಾಗಿದ್ದು, ಆ ಮಾರ್ಚ್ ವಿಂಡೋದಲ್ಲಿ ತಂದೆ-ತಾಯಿಗೆ ಇನ್ನೊಂದು ಆಯ್ಕೆಯೂ ಇತ್ತು. 5 ಲಕ್ಷದ ವಿಮೆ, ರೂಮ್ ಬಾಡಿಗೆಗೆ ಮೊತ್ತದ ಮಿತಿ ಇಲ್ಲ, ಸಾಧಾರಣ ಸಿಂಗಲ್ ರೂಮ್ ಪೂರ್ತಿ ಸೇರುತ್ತೆ, ಕೋ-ಪೇ ಶೇ. 10. ಸಂಬಳದಿಂದ ವರ್ಷಕ್ಕೆ 11,000 ಹೆಚ್ಚು ಕಡಿತ, ಅಷ್ಟೇ. ಅದನ್ನು ಆರಿಸಿದ್ದರೆ ಇದೇ ಬಿಲ್‌ಗೆ ನಮ್ಮ ಕೈಯಿಂದ ಹೋಗ್ತಿದ್ದದ್ದು 40,000. ಹತ್ತು ಸೆಕೆಂಡ್ ಉಳಿಸಿದ್ದಕ್ಕೆ ನಾನು ಕೊಟ್ಟ ಬೆಲೆ 1,02,000, ಬೇಕಾದರೆ 11,000 ಕಳೆದುಕೊಳ್ಳಿ.

2023ರ ಮಾರ್ಚ್‌ನಲ್ಲಿ ಮೇಲ್ ಬಂದಾಗ ಮೆಟ್ರೋದಲ್ಲಿ ತೆರೆಯಲಿಲ್ಲ. ಭಾನುವಾರ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಕೂತೆವು. ಹಸಿರು ಬಟನ್ ಕೆಟ್ಟದ್ದು ಅಂತಲ್ಲ. ಅದು ಕಳೆದ ವರ್ಷದ ಮನೆಯನ್ನು ಈ ವರ್ಷಕ್ಕೆ ಎಳೆದು ತರುತ್ತದೆ, ಅಷ್ಟೆ. ನಮ್ಮಂಥ ವಲಸೆ ಬಂದವರ ಮನೆ ಒಂದು ಕಡೆ ಇರೋದಿಲ್ಲವಲ್ಲ. ನಾವಿಬ್ಬರು, ಮಗಳು ಇಲ್ಲಿ. ಅಪ್ಪ ಅಮ್ಮ ತಿಪಟೂರಲ್ಲಿ. ಅತ್ತೆ ಮಾವ ಮೈಸೂರಲ್ಲಿ. ಫಾರ್ಮ್‌ಗೆ ಇದೆಲ್ಲ ಗೊತ್ತಿಲ್ಲ. ಅದು ನನ್ನ ಆಫೀಸಿನ ವಿಳಾಸ ಹಿಡಿದು, ನೆಟ್‌ವರ್ಕ್ ಆಸ್ಪತ್ರೆ ಅಂತ ಗುರುಗ್ರಾಮದ ದೊಡ್ಡ ದೊಡ್ಡ ಆಸ್ಪತ್ರೆಗಳನ್ನು ತೋರಿಸುತ್ತೆ. ಓಹೋ ಎಷ್ಟೊಂದು ಇವೆ ಅಂತ ಖುಷಿಪಡ್ತೀವಿ. ಅಪ್ಪನಿಗೆ ಏನಾದರೂ ಆದರೆ ಗುರುಗ್ರಾಮಕ್ಕೆ ಕರೆತರ್ತೀವಾ?

ತಿಪಟೂರಿನ ಪಿನ್‌ಕೋಡ್ ಹಾಕಿ ಹುಡುಕಿದೆ. ನಮ್ಮ ಪಾಲಿಸಿಯ ಪಟ್ಟಿಯಲ್ಲಿ ಹೃದಯದ ಚಿಕಿತ್ಸೆಗೆ ಹತ್ತಿರದ್ದು ತುಮಕೂರು, ಸುಮಾರು 70 ಕಿಲೋಮೀಟರ್. ಸರಿ, ಆ ಆಸ್ಪತ್ರೆಯ ಹೆಸರು, ಬೆಂಗಳೂರಿನ ಎರಡು ಹೆಸರು, ಟಿಪಿಎ ಫೋನ್ ನಂಬರು, ಇ-ಕಾರ್ಡಿನ ಪ್ರಿಂಟು, ಎಲ್ಲವನ್ನೂ ಅಮ್ಮನ ಮನೆಯ ಫ್ರಿಜ್ ಮೇಲೆ ಅಂಟಿಸಿದ್ದೀವಿ. ಪಕ್ಕದ ಮನೆ ಹುಡುಗನ ಫೋನಿಗೂ ಕಳಿಸಿದ್ದೀನಿ. ಓಡಾಡುವವನು ಅವನೇ ತಾನೆ, ನಾನಲ್ಲ. ಮಿಸ್ಟರ್ ತಿಪಟೂರಿನ ಹೆಸರನ್ನೂ ಆಧಾರ್‌ನಲ್ಲಿ ಇದ್ದ ಹಾಗೆ ತಿದ್ದಿಸಿದೆ. ಹುಟ್ಟಿದ ತಾರೀಕೂ ಬೇರೆ ಇತ್ತು, ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಕು, ಆ ಕಥೆ ಬೇರೆ.

ಆವತ್ತು ಭಾನುವಾರ ಕೂತಾಗಲೇ ಇನ್ನೊಂದು ಮಾತು ಬಂತು. ನಮ್ಮ ಕಂಪನಿಯ ನಿಯಮ: ಸ್ವಂತ ತಂದೆ-ತಾಯಿ ಅಥವಾ ಅತ್ತೆ-ಮಾವ, ಒಂದು ಜೋಡಿ ಮಾತ್ರ. ನಾನು ಎಂದಿನಂತೆ ಅಪ್ಪ ಅಮ್ಮನ ಹೆಸರಿಗೆ ಟಿಕ್ ಹಾಕಿದೆ. ಅವಳು ಪಕ್ಕದಲ್ಲೇ ಕೂತು ನೋಡ್ತಿದ್ದಳು. ‘ನಿಮ್ಮ ಅಪ್ಪ ಅಮ್ಮ ಮಾತ್ರ ಪೇರೆಂಟ್ಸಾ?’ ಅಂದಳು. ಅವಳು ಒಬ್ಬಳೇ ಮಗಳು. ಅವಳ ಶಾಲೆಯಲ್ಲಿ ಪೇರೆಂಟ್ಸ್‌ಗೆ ವಿಮೆ ಇಲ್ಲ. ಮದುವೆಯಾಗಿ ಆರು ವರ್ಷ, ಆರು ಸಲ ಆ ಟಿಕ್ ಹಾಕಿದ್ದೆ, ಒಮ್ಮೆಯೂ ಕೇಳಿರಲಿಲ್ಲ.

ಆ ಸಂಜೆ ಸ್ವಲ್ಪ ಬಿಸಿ ಆಯಿತು ಅಂತಿಟ್ಟುಕೊಳ್ಳಿ. ಮರುದಿನ ಇಬ್ಬರೂ ತಣ್ಣಗೆ ಯೋಚನೆ ಮಾಡಿದಾಗ ಲೆಕ್ಕ ಹೀಗಿತ್ತು. ಕಂಪನಿಯ ಗುಂಪು ವಿಮೆಯ ದೊಡ್ಡ ಲಾಭ ಅಂದರೆ, ಮೊದಲೇ ಇರುವ ಕಾಯಿಲೆಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ. ಹೊರಗೆ ಸ್ವಂತ ಪಾಲಿಸಿ ತೆಗೆದುಕೊಂಡರೆ ಹಳೆ ಕಾಯಿಲೆಗೆ ಕಾಯಬೇಕು. ಆ ಕಾಯುವ ಅವಧಿ ಮೊದಲು ಗರಿಷ್ಠ ನಾಲ್ಕು ವರ್ಷ ಇತ್ತು, 2024ರಲ್ಲಿ ಐಆರ್‌ಡಿಎಐ ಮೂರು ವರ್ಷಕ್ಕೆ ಇಳಿಸಿತು. ಎರಡು ಸ್ಟೆಂಟ್ ಇರುವ ಅಪ್ಪನಿಗೆ ಹೊರಗೆ ಪಾಲಿಸಿ ಸಿಗೋದೇ ಕಷ್ಟ. ಅತ್ತೆಗೆ ಸಕ್ಕರೆ ಕಾಯಿಲೆ, ಮಾವ ಗಟ್ಟಿಮುಟ್ಟು. ಹಾಗಾಗಿ ಅಪ್ಪ ಅಮ್ಮ ಕಂಪನಿ ವಿಮೆಯಲ್ಲಿ, ಅತ್ತೆ ಮಾವನಿಗೆ ಹೊರಗಿನ ಪಾಲಿಸಿ. ಅವಳೂ ಒಪ್ಪಿದಳು. ಆದರೆ ಹೊರಗಿನ ಪ್ರೀಮಿಯಂ ನೋಡಿ ಈ ತಿಂಗಳು ಮುಂದಿನ ತಿಂಗಳು ಅಂತ ಎರಡು ವರ್ಷಕ್ಕೂ ಹೆಚ್ಚು ತಳ್ಳಿದೆವು. ಅದು ನಮ್ಮ ತಪ್ಪೇ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ ತೆಗೆದರಲ್ಲ, ಆಗ ನೆಪ ಮುಗಿಯಿತು, ಕೊಂಡೆವು. ಆ ವಿನಾಯಿತಿ ಕಂಪನಿಯ ಗುಂಪು ವಿಮೆಗೆ ಇಲ್ಲ, ನೆನಪಿರಲಿ.

ಏಜೆಂಟ್ ಒಬ್ಬರು ‘ಸಕ್ಕರೆ ಕಾಯಿಲೆ ಬರೆಯೋದು ಬೇಡ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ’ ಅಂದರು. ಬರೆದೇ ಕೊಟ್ಟೆವು. ಮುಚ್ಚಿಟ್ಟರೆ ಕ್ಲೇಮ್ ತಳ್ಳಿಹಾಕೋಕೆ ಅವರ ಕೈಗೆ ನಾವೇ ಕಾರಣ ಕೊಟ್ಟ ಹಾಗೆ.

ಮಗು ವಿಷಯ ಚಿಕ್ಕದಾಗಿ ಹೇಳ್ತೀನಿ. ಮದುವೆ, ಮಗು, ಇಂಥವಕ್ಕೆ ವಾರ್ಷಿಕ ವಿಂಡೋಗೆ ಕಾಯಬೇಕಿಲ್ಲ, ಆದರೆ ಸಾಮಾನ್ಯವಾಗಿ 30 ದಿನದೊಳಗೆ ಸೇರಿಸಬೇಕು. ನಮ್ಮ ಮಗಳು ಹುಟ್ಟಿದ್ದು 2021ರಲ್ಲಿ, ಮೈಸೂರಿನಲ್ಲಿ. ಬಾಣಂತನ ತವರಲ್ಲಿ, ನಾನು ಇಲ್ಲಿ. ಹೆಸರಿಡೋದು ಮೂರನೇ ತಿಂಗಳಲ್ಲಿ ಅಂತ ಹಿರಿಯರ ತೀರ್ಮಾನ. ಪೋರ್ಟಲ್‌ಗೆ ಹೆಸರು ಬೇಕು. ಹೆಸರಿಲ್ಲದೆ ಹೇಗೆ ಸೇರಿಸೋದು ಅಂತ ನಾನು ಕೂತುಬಿಟ್ಟಿದ್ದೆ. 27ನೇ ದಿನ ಆಫೀಸಿನ ಒಬ್ಬ ಪಂಜಾಬಿ ಗೆಳತಿ ನಕ್ಕು, ‘ಬೇಬಿ ಆಫ್ ಅಂತ ಬರೆದು ಅಮ್ಮನ ಹೆಸರು ಹಾಕು, ಆಮೇಲೆ ತಿದ್ದಿದರಾಯ್ತು’ ಅಂದಳು. ಅಷ್ಟೇ ಇತ್ತು.

ಈಗ ಯಾರಿಗೂ ಮಾತಾಡೋಕೆ ಇಷ್ಟ ಇಲ್ಲದ ವಿಷಯ. ಕೆಲಸ ಹೋದರೆ? ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ನಿಲ್ಲುತ್ತದೆ. ನೋಟಿಸ್ ಇಲ್ಲದೆ ಕಳಿಸಿದರೆ ಅವತ್ತಿನ ರಾತ್ರಿಯಿಂದಲೇ ಅಪ್ಪನ ಸ್ಟೆಂಟ್‌ಗೆ ರಕ್ಷಣೆ ಇಲ್ಲ. ಅದೇ ವಿಮೆ ಕಂಪನಿಯ ವ್ಯಕ್ತಿಗತ ಪಾಲಿಸಿಗೆ ಬದಲಾಗೋಕೆ ಅವಕಾಶ ಉಂಟು, ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ, ಆದರೆ ಅವರು ಆರೋಗ್ಯ ನೋಡಿ ಒಪ್ಪಬೇಕು ಮತ್ತು ನೀವು ಪಾಲಿಸಿ ನಿಲ್ಲುವ ಮುಂಚೆಯೇ ಕೇಳಬೇಕು. ಕೆಲಸ ಹೋದ ದಿನ ತಲೆ ನೆಟ್ಟಗಿರಲ್ಲ, ಈ ವಾರವೇ ಎಚ್‌ಆರ್‌ಗೆ ‘ಮೈಗ್ರೇಷನ್ ಹೇಗೆ’ ಅಂತ ಒಂದು ಮೇಲ್ ಹಾಕಿ ಉತ್ತರ ಇಟ್ಟುಕೊಳ್ಳಿ. ಇನ್ನೊಂದು, 2024ರ ಮೇ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ವಿನಂತಿಗೆ ಒಂದು ಗಂಟೆಯೊಳಗೆ ಉತ್ತರ ಬರಬೇಕು, ಡಿಸ್ಚಾರ್ಜ್ ವೇಳೆ ಕೊನೆಯ ಒಪ್ಪಿಗೆ ಮೂರು ಗಂಟೆಯೊಳಗೆ. ಅಪ್ಪನ ಕಾಲಕ್ಕೆ ಇದು ಇರಲಿಲ್ಲ, ಬೆಳಿಗ್ಗೆ ಹತ್ತಕ್ಕೆ ಬಟ್ಟೆ ಹಾಕಿಕೊಂಡು ಕೂತವರು ಹೊರಬಿದ್ದದ್ದು ರಾತ್ರಿ ಒಂಬತ್ತಕ್ಕೆ.

ತೆರಿಗೆ ಬಗ್ಗೆ ಎರಡೇ ಮಾತು. ಪೇರೆಂಟ್ಸ್ ಪ್ರೀಮಿಯಂ ತೋರಿಸಿ ವಿನಾಯಿತಿ ಪಡೆಯೋದು ಹಳೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇದ್ದು ‘ವಿನಾಯಿತಿ ಇಲ್ಲವಲ್ಲ, ಯಾಕೆ ಕಟ್ಟಲಿ’ ಅಂತ ವಿಮೆ ಕೈಬಿಟ್ಟವರನ್ನ ನೋಡಿದ್ದೀನಿ, ಸಿಟ್ಟು ಬರುತ್ತೆ. ಹೊಸ ಪದ್ಧತಿಯಲ್ಲೂ ಉಳಿದಿರೋದು ಕಂಪನಿ ಮೂಲಕ ಕಟ್ಟುವ ಎನ್‌ಪಿಎಸ್, ಮೂಲ ವೇತನದ ಶೇ. 14ರವರೆಗೆ. ಹಣ ಬಹಳ ಕಾಲ ಒಳಗೇ ಇರುತ್ತೆ, ಅದನ್ನ ನೋಡಿಕೊಂಡು ತೀರ್ಮಾನಿಸಿ.

ಕೊನೆಗೆ ನಾಮಿನಿ. ಇದು ವಿಂಡೋದ ಫಾರ್ಮ್‌ನಲ್ಲಿ ಇರೋದೇ ಇಲ್ಲ, ಅದಕ್ಕೇ ಎಲ್ಲರೂ ಮರೀತಾರೆ. ನಾನು 2013ರಲ್ಲಿ ಬೆಂಗಳೂರಿನಲ್ಲಿ ಸೇರಿದಾಗ ಪಿಎಫ್ ಫಾರ್ಮ್‌ನಲ್ಲಿ ಅಮ್ಮನ ಹೆಸರು ಬರೆದಿದ್ದೆ. 2017ರಲ್ಲಿ ಮದುವೆ. ಪಿಎಫ್ ನಿಯಮದಲ್ಲಿ ಸ್ಪಷ್ಟವಾಗಿದೆ: ಮದುವೆಯಾದ ಮೇಲೆ ಹೊಸದಾಗಿ ನಾಮಿನೇಷನ್ ಮಾಡಬೇಕು, ಮದುವೆಗೆ ಮುಂಚೆ ಮಾಡಿದ್ದು ಅಸಿಂಧು. ಅಂದರೆ ಅಷ್ಟೂ ವರ್ಷ ನನ್ನ ಪಿಎಫ್‌ಗೆ ನಾಮಿನಿಯೇ ಇರಲಿಲ್ಲ. ಆಗ ಹಣ ಮುಳುಗಲ್ಲ, ಕುಟುಂಬದವರಿಗೆ ಹಂಚಿಕೆ ಆಗುತ್ತೆ. ಆದರೆ ಕುಟುಂಬ ಯಾರು ಅಂತ ಕಾಗದ ಹಿಡಿದು ಅಲೆಯೋರು ಯಾರು? ಇವಳು ಪೀತಮ್‌ಪುರದಲ್ಲಿ, ಅಮ್ಮ ತಿಪಟೂರಲ್ಲಿ, ಹಳೆಯ ಖಾತೆ ಬೆಂಗಳೂರಲ್ಲಿ. ಪಿಎಫ್ ಜೊತೆ ಬರುವ ಇಡಿಎಲ್‌ಐ ವಿಮೆ ಗರಿಷ್ಠ 7 ಲಕ್ಷ, ಅದಕ್ಕೂ ಇದೇ ನಾಮಿನೇಷನ್. ಗ್ರಾಚ್ಯುಟಿಗೆ ಬೇರೆ ಫಾರ್ಮ್, ಕಂಪನಿಯ ಜೀವವಿಮೆಗೆ ಬೇರೆ.

ಮದುವೆಯಾದರೂ ಅಮ್ಮನನ್ನು ಬಿಡಬೇಕಂತಿಲ್ಲ. ನಮ್ಮನ್ನು ಅವಲಂಬಿಸಿದ ತಂದೆ-ತಾಯಿ ಪಿಎಫ್ ನಿಯಮದ ‘ಕುಟುಂಬ’ದೊಳಗೇ ಬರ್ತಾರೆ, ಪಾಲು ಹಂಚಬಹುದು. ಯುಎಎನ್ ಪೋರ್ಟಲ್‌ನಲ್ಲಿ ಇ-ನಾಮಿನೇಷನ್, ಆಧಾರ್ ಒಟಿಪಿಯಲ್ಲಿ ಇ-ಸೈನ್. ನಾವು ಇವಳಿಗೆ 70, ಅಮ್ಮನಿಗೆ 30 ಅಂತ ಇಟ್ಟೆವು. ಆ 30 ಹೇಳಿದ್ದು ನಾನಲ್ಲ, ಅವಳು.

ಅಮ್ಮನಿಗೆ ಫೋನ್ ಮಾಡಿ ಹೇಗೆ ಹೇಳೋದು ಅಂತಲೇ ಒಂದು ವಾರ ಕಳೆದೆ. ಪೂರ್ತಿ ಇದ್ದದ್ದು 30 ಆಯಿತು ಅಂತ ಹೇಳಬೇಕಲ್ಲ. ಹೇಳಿದೆ. ‘ನನ್ನ ಹೆಸರ್ಯಾಕೋ ಅದರಲ್ಲಿ? ತೆಗೆದು ಮಗೀದು ಹಾಕು. ನೀನು ಚೆನ್ನಾಗಿರು, ಅಂಥ ಮಾತೆಲ್ಲ ಸಂಜೆ ಹೊತ್ತಲ್ಲಿ ಆಡಬಾರದು’ ಅಂತ ಬೈದು ಫೋನ್ ಇಟ್ಟಳು. ಹತ್ತು ನಿಮಿಷ ಬಿಟ್ಟು ಅವಳೇ ಮಾಡಿದಳು. ‘ಫೋಟೋ ಬೇಕು ಅಂದ್ಯಲ್ಲ, ಎಂಥದ್ದು?’

ಪೋರ್ಟಲ್‌ಗೆ ನಾಮಿನಿಯ ಪಾಸ್‌ಪೋರ್ಟ್ ಸೈಜ್ ಫೋಟೋ ಹಾಕಬೇಕು. ಮರುದಿನ ಬೆಳಿಗ್ಗೆ ನಾನು ಕಾಶ್ಮೀರಿ ಗೇಟ್‌ನಲ್ಲಿ ರೈಲು ಬದಲಿಸೋ ಹೊತ್ತಿಗೆ ಪಕ್ಕದ ಮನೆ ಹುಡುಗನಿಂದ ವಾಟ್ಸಾಪ್ ಬಂತು. ಹಿಂದೆ ತೆಂಗಿನ ಮರ, ಅಮ್ಮ ನನ್ನ ಮದುವೆಯ ರೇಷ್ಮೆ ಸೀರೆ ಉಟ್ಟು, ತಲೆಗೆ ಹೂ ಮುಡಿದು ನೆಟ್ಟಗೆ ನಿಂತಿದ್ದಾಳೆ. ಬಿಳಿ ಹಿನ್ನೆಲೆ ಮಾಡೋಕೆ ಮರ ಕತ್ತರಿಸಬೇಕಾಯಿತು. ಮೂಲ ಫೋಟೋ ನನ್ನ ಫೋನಲ್ಲಿದೆ. ಗ್ರಾಚ್ಯುಟಿ ಫಾರ್ಮ್ ಇನ್ನೂ ಮೇಜಿನ ಮೇಲೇ ಇದೆ, ಈ ಸಲದ ವಿಂಡೋ ಮುಚ್ಚೋದು ಶುಕ್ರವಾರ.